ಭಾರೀ ಗಾಯ ಎಂದರೆ ಎಷ್ಟು ಭಾರ?

ಕಡೂರಿನಿಂದ ಬೀರೂರು, ತರೀಕೆರೆ ದಾಟಿ ಶಿವಮೊಗ್ಗದ ಕಡೆಗೆ ಸಾಗುವ ಹೆದ್ದಾರಿಯ ಎಡಬಲದ ಹಳ್ಳಿಗಳಲ್ಲಿ, ಶಾಲೆಯ ಮೆಟ್ಟಿಲು ಹತ್ತದವರಿಗೂ ತಿಳಿದಿರುವ ಕೆಲವು ಇಂಗ್ಲಿಷ್ ಪದಗಳಿವೆ. ಬೇಲು, ವಾರಂಟು, ಸ್ಟೇ ಇವುಗಳ ಸಾಲಿಗೆ ಸೇರುವ ಇನ್ನೊಂದು ಪದ 'ಗ್ರೀವಿಯಸ್'. ಬದುವಿನ ಜಗಳದಲ್ಲೋ, ನೀರಿನ ಸರದಿಯ ಜಗಳದಲ್ಲೋ ಏಟು ತಿಂದವನನ್ನು ಆಸ್ಪತ್ರೆಗೆ ಸೇರಿಸಿ ಹಿಂತಿರುಗಿದವರನ್ನು ಊರಿನ ಜನ ಕಟ್ಟೆಯ ಬಳಿ ತಡೆದು ಕೇಳುವುದು, "ಹೇಗಿದ್ದಾನೆ?" ಎಂದಲ್ಲ. "ಡಾಕ್ಟ್ರು ಏನು ಬರೆದರು? ಗ್ರೀವಿಯಸ್ಸೋ, ಸಿಂಪಲ್ಲೋ?" ಎಂದು.

ಈ ಪ್ರಶ್ನೆ ಹೃದಯಹೀನರದು ಎಂದು ಭಾವಿಸಬೇಕಾಗಿಲ್ಲ. ಅನುಭವ ಕಲಿಸಿದ ಪ್ರಶ್ನೆ ಅದು. ವೈದ್ಯರು 'ವೂಂಡ್ ಸರ್ಟಿಫಿಕೇಟ್' ಎಂಬ ಕಾಗದದಲ್ಲಿ ಬರೆಯುವ ಈ ಒಂದು ಪದದ ಮೇಲೆ ಎಷ್ಟೋ ಸಂಗತಿಗಳು ನಿಂತಿರುತ್ತವೆ. ಬರಿಗೈಯಿಂದಾದ ಸಾದಾ ಗಾಯವಾದರೆ ಅದು ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ನಡೆಸಲಾಗದ ಅಪರಾಧ. ಹಳ್ಳಿಯವರ ಮಾತಿನಲ್ಲಿ "ಎನ್.ಸಿ. ಮಾಡಿ ಕಳಿಸಿದರು" ಎನ್ನುವುದು ಇದನ್ನೇ. ಗ್ರೀವಿಯಸ್ ಎಂದಾದರೆ ಪ್ರಥಮ ವರ್ತಮಾನ ವರದಿ ದಾಖಲಾಗಲೇಬೇಕು. ಒಂದರಲ್ಲಿ ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ, ಇನ್ನೊಂದರಲ್ಲಿ ಏಳು ವರ್ಷದವರೆಗೆ. ಆಯುಧ ಬಳಕೆಯಾಗಿದ್ದರೆ ಇನ್ನೂ ಹೆಚ್ಚು. ಹೀಗಿರುವಾಗ ಈ ಪದ ಎಲ್ಲಿಂದ ಬಂತು, ಯಾರ ನೋವನ್ನು ಅಳೆಯಲು ಹುಟ್ಟಿತು, ನಮ್ಮ ಸೀಮೆಯ ಕೂಲಿಕಾರನ ನೋವು ಅದರ ಅಳತೆಗೆ ಸಿಗುತ್ತದೆಯೇ ಎಂದು ವಿಚಾರಿಸುವುದು ಅಗತ್ಯವೆಂದು ನಮಗೆ ತೋರಿತು.

ಮೊದಲು ಪದದ ಹುಟ್ಟನ್ನೇ ನೋಡೋಣ. 'ಗ್ರೀವಿಯಸ್' ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ, ಅಲ್ಲಿಗೆ ಬಂದದ್ದು ಲ್ಯಾಟಿನ್ನಿನ 'ಗ್ರಾವಿಸ್' ಎಂಬ ಪದದಿಂದ. ಗ್ರಾವಿಸ್ ಎಂದರೆ ಭಾರವಾದದ್ದು. ನಮ್ಮ ಲಘು-ಗುರುವಿನ 'ಗುರು' ಇದಕ್ಕೆ ರಕ್ತಸಂಬಂಧಿ. ಎರಡೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಆದ್ದರಿಂದ ನಮ್ಮ ಜನ ಸಹಜವಾಗಿ ಹೇಳುವ 'ಭಾರೀ ಪೆಟ್ಟು', 'ಭಾರೀ ಗಾಯ' ಎಂಬ ಮಾತು ಯಾರೂ ಕಲಿಸದೆಯೇ ಮೂಲ ಅರ್ಥಕ್ಕೆ ಹತ್ತಿರವಾಗಿದೆ.

'ಗಾಯ'ವೂ ಕುತೂಹಲದ ಪದವೇ. ಸಂಸ್ಕೃತದ 'ಘಾತ' ತದ್ಭವವಾಗಿ ಗಾಯವಾಯಿತು. ಅಂದರೆ ಹೊಡೆತದ ಹೆಸರು ಹೊಡೆತ ಉಳಿಸಿಹೋದ ಗುರುತಿಗೆ ಅಂಟಿಕೊಂಡಿತು. ಅಚ್ಚಗನ್ನಡದಲ್ಲಿ ಪೆಟ್ಟು, ಏಟು, ಇರಿತ, ಹುಣ್ಣು ಇವೆ. ಪಾರ್ಸಿಯಿಂದ ಉರ್ದುವಿನ ಮೂಲಕ ಬಂದ 'ಜಖಂ' ಇದೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡ ಶಾಲೆಯಲ್ಲಿ ಓದು ಮುಂದುವರಿಸಿದ ನಮ್ಮಂಥವರಿಗೆ ಈ ಜಖಮ್ಮಿನ ಪ್ರಯಾಣ ಸೋಜಿಗ ಹುಟ್ಟಿಸುತ್ತದೆ. ಉರ್ದುವಿನಲ್ಲಿ ಜಖಂ ಆಗುವುದು ಮನುಷ್ಯನ ಮೈಗೆ, ಕವಿಗಳ ಕೈಯಲ್ಲಿ ಹೃದಯಕ್ಕೆ. ಕನ್ನಡ ಪತ್ರಿಕೆಗಳಲ್ಲಿ ಅದೇ ಪದ ಲಾರಿಗೆ, ಬಸ್ಸಿಗೆ ಹೋಗಿ ಸೇರಿಕೊಂಡಿದೆ. "ಲಾರಿ ಜಖಂ, ಚಾಲಕನಿಗೆ ಗಾಯ" ಎಂಬ ತಲೆಬರಹವನ್ನು ನಾವೆಲ್ಲ ಓದಿದ್ದೇವೆ. ಇಂಗ್ಲಿಷಿನ ಹಳೆಯ ಪದವೊಂದಕ್ಕೂ ಇದೇ ಗತಿಯಾಗಿದೆ. ಇಂದಿನ ಇಂಗ್ಲಿಷ್ ಪತ್ರಿಕೆಗಳಲ್ಲಿ 'ಮೇಹೆಮ್' ಎಂದರೆ ಗದ್ದಲ, ದಾಂಧಲೆ. ಆದರೆ ಅದು ಹುಟ್ಟಿದ್ದು ಕಾನೂನಿನ ಪದವಾಗಿ, ಒಬ್ಬನ ಅಂಗ ಊನ ಮಾಡುವುದು ಎಂಬ ಅರ್ಥದಲ್ಲಿ. ಅಂಗ ಊನ ಮಾಡು ಎನ್ನುವ 'ಮೇಮ್' ಎಂಬ ಕ್ರಿಯಾಪದವೂ ಅದೂ ಒಂದೇ ಪದದ ಎರಡು ರೂಪಗಳು.

ಈ ಮೇಹೆಮ್ಮಿನ ಕಾನೂನು ಯಾವುದನ್ನು ದೊಡ್ಡ ಗಾಯವೆಂದು ಎಣಿಸುತ್ತಿತ್ತು? 18ನೇ ಶತಮಾನದ ಇಂಗ್ಲಿಷ್ ನ್ಯಾಯಪಂಡಿತ ಬ್ಲಾಕ್‌ಸ್ಟೋನ್ ವಿವರಿಸುವಂತೆ, ಕಾಳಗದಲ್ಲಿ ತನ್ನನ್ನು ರಕ್ಷಿಸಿಕೊಳ್ಳಲು ಅಥವಾ ಎದುರಾಳಿಯನ್ನು ಘಾಸಿಗೊಳಿಸಲು ಬೇಕಾದ ಅಂಗ ಹೋದರೆ ಮಾತ್ರ ಅದು ಮೇಹೆಮ್. ಕೈ, ಬೆರಳು, ಕಣ್ಣು, ಮುಂದಿನ ಹಲ್ಲು ಇವೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಮೂಗು, ಕಿವಿ ಕತ್ತರಿಸಿದರೆ ಬರುತ್ತಿರಲಿಲ್ಲ. ಮೂಗಿಲ್ಲದವನು ಕುರೂಪಿಯಾಗಬಹುದು, ಕತ್ತಿ ಹಿಡಿಯಲಾರದವನಾಗುವುದಿಲ್ಲವಲ್ಲ! ಅಂದರೆ ಆ ಕಾನೂನು ಕೇಳುತ್ತಿದ್ದ ಪ್ರಶ್ನೆ, ಗಾಯಗೊಂಡವನಿಗೆ ಏನು ನಷ್ಟವಾಯಿತು ಎಂಬುದಕ್ಕಿಂತ ಅರಸನಿಗೆ ಒಬ್ಬ ಯೋಧ ಕಡಿಮೆಯಾದನೇ ಎಂಬುದು. 1670ರ ಡಿಸೆಂಬರಿನಲ್ಲಿ ಸರ್ ಜಾನ್ ಕಾವೆಂಟ್ರಿ ಎಂಬ ಪಾರ್ಲಿಮೆಂಟ್ ಸದಸ್ಯ ಎರಡನೇ ಚಾರ್ಲ್ಸ್ ದೊರೆಯ ನಟಿಯರ ಸಹವಾಸದ ಬಗ್ಗೆ ಚುಚ್ಚುಮಾತಾಡಿದ್ದಕ್ಕೆ, ದೊರೆಯ ಕಾವಲು ದಳದವರು ಲಂಡನ್ನಿನ ಬೀದಿಯಲ್ಲಿ ಅವನ ಮೂಗನ್ನು ಸೀಳಿದರು. ಆಮೇಲೆಯೇ ಪಾರ್ಲಿಮೆಂಟಿಗೆ ಎಚ್ಚರವಾದದ್ದು. ಹೊಂಚುಹಾಕಿ ಮೂಗು ಕೊಯ್ಯುವುದನ್ನೂ ಘೋರ ಅಪರಾಧದ ಪಟ್ಟಿಗೆ ಸೇರಿಸಿ ಕಾಯ್ದೆ ಮಾಡಿದರು. ಅದು ಕಾವೆಂಟ್ರಿಯ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಅದೇ 17ನೇ ಶತಮಾನದಲ್ಲಿ ಮೂಗಿನ ಮಾತು ನಮ್ಮ ಮೈಸೂರಿಗೂ ಅಪರಿಚಿತವಾಗಿರಲಿಲ್ಲ. ಒಡೆಯರ ಸೈನ್ಯ ಮಧುರೆಯ ನಾಯಕರ ರಾಜ್ಯದ ಮೇಲೆ ನುಗ್ಗಿದಾಗ ಸಿಕ್ಕವರ ಮೂಗು ಕೊಯ್ದ ಸಂಗತಿಯನ್ನು ಜೆಸ್ಯುಯಿಟ್ ಪಾದ್ರಿಗಳ ಪತ್ರಗಳು ದಾಖಲಿಸಿವೆ. ತಮಿಳರ ಇತಿಹಾಸದಲ್ಲಿ ಅದಕ್ಕೆ 'ಮೂಕ್ಕರುಪ್ಪು ಪೋರ್', ಅಂದರೆ ಮೂಗು ಕೊಯ್ಯುವ ಯುದ್ಧ ಎಂದೇ ಹೆಸರು. ಕೊಂದರೆ ಶತ್ರು ಒಂದು ದಿನ ಸಾಯುತ್ತಾನೆ, ಮೂಗು ಕೊಯ್ದರೆ ಬದುಕಿದಷ್ಟು ದಿನವೂ ಸಾಯುತ್ತಾನೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಇಂಗ್ಲಿಷ್ ಕಾನೂನು ಗಾಯವೆಂದೇ ಎಣಿಸದ ಮೂಗು, ಮಾನವನ್ನೇ ಪ್ರಾಣವೆಂದು ತಿಳಿದ ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ಭಾರವಾಗಿತ್ತು.

ಹಾಗೆಂದು ಗಾಯದ ಲೆಕ್ಕ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆ, ಈ ಕನ್ನಡ ನೆಲದಲ್ಲೇ ಕುಳಿತು ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ದಂಡಪಾರುಷ್ಯ ಪ್ರಕರಣದಲ್ಲಿ ಕೈ, ಕಾಲು, ಹಲ್ಲು ಮುರಿಯುವುದು ಮತ್ತು ಕಿವಿ, ಮೂಗು ಕೊಯ್ಯುವುದು ಒಂದೇ ದಂಡದ ಅಡಿಯಲ್ಲಿ ಬರುತ್ತವೆ. ಅಷ್ಟೇ ಅಲ್ಲ, ನೋಯಿಸಿದವನು ದಂಡದ ಜೊತೆಗೆ ಗಾಯಾಳುವಿನ ಚಿಕಿತ್ಸೆಯ ಖರ್ಚನ್ನೂ ಕೊಡಬೇಕು. ಆದರೆ ಅದೇ ಪ್ರಕರಣದಲ್ಲಿ, ಬ್ರಾಹ್ಮಣನನ್ನು ನೋಯಿಸಿದ ಅಬ್ರಾಹ್ಮಣನ ಯಾವ ಅಂಗ ನೋಯಿಸಿತೋ ಆ ಅಂಗವನ್ನೇ ಕತ್ತರಿಸಬೇಕೆಂಬ ಮಾತೂ ಇದೆ. ಗಾಯದ ಭಾರವನ್ನು ಅಳೆಯುವ ತಕ್ಕಡಿಯಲ್ಲಿ ಜಾತಿಯ ಕಲ್ಲೂ ಇತ್ತು.

ಇಸ್ಲಾಮೀ ನ್ಯಾಯಶಾಸ್ತ್ರದ ಲೆಕ್ಕ ಇನ್ನೊಂದು ಬಗೆಯದು. ಅಲ್ಲಿ ತಲೆಯ ಗಾಯಗಳಿಗೇ ಬೇರೆ ಬೇರೆ ಹೆಸರುಗಳಿವೆ. ರಕ್ತ ಒಸರಿದ್ದಕ್ಕೆ ಒಂದು ಹೆಸರು, ಮಾಂಸ ಸೀಳಿದ್ದಕ್ಕೆ ಒಂದು, ಮೂಳೆ ಕಾಣಿಸಿದ್ದಕ್ಕೆ ಒಂದು, ಮೂಳೆ ಮುರಿದದ್ದಕ್ಕೆ ಇನ್ನೊಂದು. ಜೀವಕ್ಕೆ ನೂರು ಒಂಟೆಗಳ ದಿಯತ್, ಅಂದರೆ ಪರಿಹಾರ. ಒಂದು ಕಣ್ಣಿಗೆ ಐವತ್ತು, ಒಂದು ಬೆರಳಿಗೆ ಹತ್ತು, ಒಂದು ಹಲ್ಲಿಗೆ ಐದು, ಮೂಳೆ ಕಾಣುವ ತಲೆಗಾಯಕ್ಕೆ ಐದು. ಹೆಬ್ಬೆರಳೂ ಕಿರುಬೆರಳೂ ಸಮಾನ ಎಂಬುದು ಈ ಲೆಕ್ಕದ ವಿಶೇಷ. ಈ ಪರಿಹಾರ ಸೇರುವುದು ಗಾಯಗೊಂಡವನಿಗೆ, ಅರಸನ ಬೊಕ್ಕಸಕ್ಕಲ್ಲ. ಆದರೆ ಈ ತಕ್ಕಡಿಯೂ ಎಲ್ಲರಿಗೂ ಸಮನಾಗಿ ತೂಗಲಿಲ್ಲ. ಹೆಣ್ಣಿನ ದಿಯತ್ತನ್ನು ಗಂಡಿನದರ ಅರ್ಧಕ್ಕೆ ನಿಲ್ಲಿಸಿದ ಹಳೆಯ ಪಂಡಿತರ ಬಹುಮತವೂ ಅದೇ ಗ್ರಂಥಗಳಲ್ಲಿದೆ.

ಶಾಸ್ತ್ರಗ್ರಂಥಗಳನ್ನು ಬದಿಗಿಟ್ಟು ನಮ್ಮ ಹೊಲದ ಬದಿಯ ಕಲ್ಲುಗಳ ಕಡೆಗೂ ಒಮ್ಮೆ ನೋಡಬೇಕು. 1947ರವರೆಗೆ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೇ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದ್ದು ಈ ಕಡೂರು ಜಿಲ್ಲೆಯ ಶಾಸನಗಳನ್ನೇ. ನಾಡಿನ ಉಳಿದೆಡೆಯಂತೆ ಇಲ್ಲಿಯೂ ವೀರಗಲ್ಲುಗಳಿವೆ. ತುರು ಮರಳಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದು ಬಿದ್ದವನು, ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಎಂಥ ನೇರವಾದ ಪದ! ಆದರೆ ಅದೇ ತುರುಗಾಳಗದಲ್ಲಿ ಕೈ ಕಳೆದುಕೊಂಡು ಬದುಕಿ ಬಂದವನು ಎಲ್ಲಿ? ಮುಂದಿನ ಮೂವತ್ತು ವರ್ಷ ನೇಗಿಲು ಹಿಡಿಯಲಾಗದೆ ಜಗುಲಿಯ ಮೇಲೆ ಕುಳಿತವನಿಗೆ ಕಲ್ಲು ನಿಲ್ಲಿಸಿದವರು ವಿರಳ. ಸಾವು ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಗಾಯಕ್ಕೆ ಯಾರಾದರೂ ಮಾತು ಕೊಡಬೇಕು. ಕಾನೂನಿನ ಪದಗಳು ಹುಟ್ಟುವುದು ಇಲ್ಲಿಯೇ.

ಈಗ ನಮ್ಮ ಗ್ರೀವಿಯಸ್ಸಿಗೆ ಮರಳೋಣ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ಆಡಳಿತ ಹಿಡಿದಾಗ ಅಲ್ಲಿನ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಇಸ್ಲಾಮೀ ಕಾನೂನೇ ನಡೆಯುತ್ತಿತ್ತು. ಕಾಜಿಗಳೂ ಮುಫ್ತಿಗಳೂ ಫತ್ವಾ ಕೊಡುತ್ತಿದ್ದರು. ಲಾರ್ಡ್ ಕಾರ್ನ್‌ವಾಲಿಸ್ 1790ರ ದಶಕದ ಆರಂಭದಲ್ಲಿ ಅಂಗಚ್ಛೇದದ ಶಿಕ್ಷೆಯನ್ನು ರದ್ದುಮಾಡಿ, ಎರಡು ಅಂಗಕ್ಕೆ ಬದಲಾಗಿ ಹದಿನಾಲ್ಕು ವರ್ಷ, ಒಂದಕ್ಕೆ ಏಳು ವರ್ಷ ಸೆರೆವಾಸ ಎಂದು ಗೊತ್ತುಮಾಡಿದ. ಮುಂದೆ ಮೆಕಾಲೆಯ ನೇತೃತ್ವದ ಕಾನೂನು ಆಯೋಗ 1837ರಲ್ಲಿ ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿತು. ಅದು 1860ರಲ್ಲಿ ಕಾಯ್ದೆಯಾಗಿ 1862ರ ಜನವರಿ 1ರಂದು ಜಾರಿಗೆ ಬಂತು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1830-31ರ ನಗರ ದಂಗೆ ಅದಕ್ಕೆ ನೆಪವಾಗಿತ್ತು, ತರೀಕೆರೆಯ ಪಾಳೆಯಗಾರ ಸರ್ಜಾ ಹನುಮಪ್ಪನಾಯಕ ಆ ದಂಗೆಯ ಪ್ರಮುಖರಲ್ಲೊಬ್ಬ. ಹೀಗೆ ದಂಗೆಯ ಬೆನ್ನಿಗೆ ಬಂದ ಆಡಳಿತದ ಮೂಲಕ ಹೊಸ ದಂಡ ಸಂಹಿತೆಯೂ ಅದರೊಳಗಿನ ಗ್ರೀವಿಯಸ್ ಪದವೂ ನಮ್ಮ ಸೀಮೆಯ ಕಚೇರಿಗಳನ್ನು ಪ್ರವೇಶಿಸಿದವು. ಉತ್ತರದಲ್ಲಿ ಈ ಸಂಹಿತೆಯನ್ನು 'ತಾಜೀರಾತ್-ಎ-ಹಿಂದ್' ಎಂದು ಉರ್ದುವಿಗೆ ತಂದವರಲ್ಲಿ, ಮುಂದೆ ಉರ್ದುವಿನ ಮೊದಲ ಕಾದಂಬರಿಕಾರರೆನಿಸಿದ ನಜೀರ್ ಅಹ್ಮದ್ ಕೂಡ ಒಬ್ಬರು. ಆ ಕಡೆಯ ಠಾಣೆಗಳಲ್ಲಿ ಭಾರೀ ಗಾಯಕ್ಕೆ 'ಜರ್ಬ್-ಎ-ಶದೀದ್' ಎನ್ನುವುದು ರೂಢಿ. ನಮ್ಮ ಕಲಬುರಗಿ ಭಾಗದ ದೂರುಗಳಲ್ಲಿ 'ರಕ್ತಗಾಯ', 'ಗುಪ್ತಗಾಯ' ಎಂಬ ಪದಗಳು ಕಾಣುತ್ತವೆ. ಹಳೆಯ ಮೈಸೂರಿನ ನಮ್ಮ ಕಡೆ ಮೂಕಪೆಟ್ಟು, ಒಳಪೆಟ್ಟು ಎನ್ನುತ್ತಾರೆ.

ಮೆಕಾಲೆಯ ಸಂಹಿತೆ ಮಾಡಿದ ದೊಡ್ಡ ಕೆಲಸವೆಂದರೆ ಗ್ರೀವಿಯಸ್ ಎಂಬ ವಿಶೇಷಣವನ್ನು ಪಟ್ಟಿಯಾಗಿ ಬದಲಾಯಿಸಿದ್ದು. ದೊಡ್ಡ ಗಾಯ ಯಾವುದು, ಸಣ್ಣದು ಯಾವುದು ಎಂಬುದನ್ನು ನ್ಯಾಯಾಧೀಶನ ಮನಸ್ಸಿಗೆ ಬಿಡದೆ ಎಂಟು ಬಗೆಗಳನ್ನು ಎಣಿಸಿ ಹೇಳಿತು. ಪುರುಷತ್ವ ಹರಣ, ಯಾವುದೇ ಒಂದು ಕಣ್ಣಿನ ಶಾಶ್ವತ ಅಂಧತ್ವ, ಒಂದು ಕಿವಿಯ ಶಾಶ್ವತ ಕಿವುಡು, ಅಂಗ ಅಥವಾ ಕೀಲು ಹೋಗುವುದು, ಅಂಗ ಅಥವಾ ಕೀಲಿನ ಶಕ್ತಿ ಶಾಶ್ವತವಾಗಿ ಕುಂದುವುದು, ತಲೆ ಅಥವಾ ಮುಖದ ಶಾಶ್ವತ ವಿರೂಪ, ಮೂಳೆ ಅಥವಾ ಹಲ್ಲಿನ ಮುರಿತ ಇಲ್ಲವೇ ಸ್ಥಾನಪಲ್ಲಟ. ಎಂಟನೆಯದು, ಜೀವಕ್ಕೆ ಅಪಾಯ ತರುವ, ಅಥವಾ ಇಪ್ಪತ್ತು ದಿನಗಳ ಕಾಲ ತೀವ್ರ ದೇಹನೋವು ಕೊಡುವ, ಅಥವಾ ಅಷ್ಟು ದಿನ ಗಾಯಾಳು ತನ್ನ ನಿತ್ಯದ ಕೆಲಸಕಾರ್ಯ ಮಾಡಲಾಗದಂತೆ ಮಾಡುವ ಯಾವುದೇ ಗಾಯ. ಈ ಇಪ್ಪತ್ತು ದಿನ ಮೆಕಾಲೆಗೆ ಮೊದಲೇ ಯುರೋಪಿನ ಕಾನೂನಿನಲ್ಲಿತ್ತು. ನೆಪೋಲಿಯನ್ ಕಾಲದ 1810ರ ಫ್ರೆಂಚ್ ದಂಡ ಸಂಹಿತೆಯೂ ಇಪ್ಪತ್ತು ದಿನಕ್ಕೂ ಮೀರಿ ಕೆಲಸ ತಪ್ಪಿಸುವ ಹಲ್ಲೆಯನ್ನು ಪ್ರತ್ಯೇಕವಾಗಿ ಶಿಕ್ಷಿಸುತ್ತಿತ್ತು.

ಈ ಪಟ್ಟಿಯ ಗುಣವನ್ನು ಒಪ್ಪಲೇಬೇಕು. ಜಾತಿ, ಧರ್ಮ, ಲಿಂಗಗಳ ಕಲ್ಲನ್ನು ಅದು ತಕ್ಕಡಿಯಿಂದ ತೆಗೆದುಹಾಕಿತು. ಗೌಡರ ಹಲ್ಲೂ ಜೀತದಾಳಿನ ಹಲ್ಲೂ ಕಾಗದದ ಮೇಲಾದರೂ ಒಂದೇ ಆಯಿತು. ಇಂಗ್ಲೆಂಡಿನ ಹಳೆಯ ಕಾನೂನು ಬಿಟ್ಟಿದ್ದ ಮೂಗಿಗೂ ಮುಖಕ್ಕೂ ಇಲ್ಲಿ ಜಾಗ ಸಿಕ್ಕಿತು. ಆದರೆ ಪಟ್ಟಿಗೂ ಬದುಕಿಗೂ ನಡುವೆ ಅಂತರ ಇದ್ದೇ ಇತ್ತು. ಆಡುಮಾತಿನಲ್ಲಿ ಭಾರೀ ಗಾಯವೆಂದರೆ ರಕ್ತ ಹರಿದದ್ದು. ಕಾನೂನಿಗೆ ರಕ್ತದ ಹಂಗಿಲ್ಲ. ತಲೆ ಒಡೆದು ಅಂಗಿಯೆಲ್ಲ ತೋಯ್ದು ಏಳು ಹೊಲಿಗೆ ಬಿದ್ದರೂ ಮೂಳೆಗೆ ತಾಗದೆ, ಜೀವಕ್ಕೆ ಅಪಾಯವಾಗದೆ ಇದ್ದರೆ ಅದು ಸಾದಾ ಗಾಯ. ಜಗಳದಲ್ಲಿ ಗುದ್ದು ಬಿದ್ದು ಒಂದು ಹಲ್ಲು ಮುರಿದರೆ, ಒಂದು ತೊಟ್ಟು ರಕ್ತ ಕಾಣದಿದ್ದರೂ ಅದು ಗ್ರೀವಿಯಸ್. ಪತ್ರಿಕೆಗಳು ತೀವ್ರ ಗಾಯ, ಗಂಭೀರ ಗಾಯ, ಮಾರಣಾಂತಿಕ ಹಲ್ಲೆ ಎಂದು ಬರೆಯುವಾಗ ಈ ಪಟ್ಟಿಯನ್ನು ನೋಡಿ ಬರೆಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಪತ್ರಿಕೆಯಲ್ಲಿ ಗಂಭೀರವಾಗಿದ್ದ ಗಾಯ ಮಧ್ಯಾಹ್ನ ಠಾಣೆಯಲ್ಲಿ ಸಾದಾ ಆಗುವುದುಂಟು. ಮೂಳೆಯ ಬಗ್ಗೆ ಇನ್ನೊಂದು ಮಾತು ತಿಳಿದಿರಬೇಕು. ಮೂಳೆ ಎರಡು ತುಂಡಾದರೆ ಮಾತ್ರ ಮುರಿತ ಎಂದು ನಮ್ಮವರು ತಿಳಿಯುತ್ತಾರೆ. ಹೋರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಡಿತದಿಂದ ಮೂಳೆಯಲ್ಲಿ ಬಿರುಕು ಬಿಟ್ಟರೂ, ಚೂರು ಎದ್ದರೂ ಅದು ಮುರಿತವೇ ಎಂದು ಹೇಳಿದೆ. ಆದ್ದರಿಂದಲೇ ಒಂದು ಎಕ್ಸ್‌ರೇ ತೆಗೆಸುವುದು, ತೆಗೆಸದಿರುವುದು ಇಡೀ ಪ್ರಕರಣದ ಹಣೆಬರಹವನ್ನು ನಿರ್ಧರಿಸಬಲ್ಲದು.

ನಮ್ಮ ದೃಷ್ಟಿಯಲ್ಲಿ ಈ ಪಟ್ಟಿಯ ಜೀವವಿರುವುದು ಎಂಟನೆಯ ಬಗೆಯಲ್ಲಿ. ಮೊದಲ ಏಳೂ ದೇಹವನ್ನು ನೋಡುತ್ತವೆ. ಎಂಟನೆಯದೊಂದೇ ಮನುಷ್ಯನ ಬದುಕನ್ನು ನೋಡುತ್ತದೆ, "ನೀನು ನಿತ್ಯ ಮಾಡುವ ಕೆಲಸ ಏನು? ಅದನ್ನು ಎಷ್ಟು ದಿನ ಮಾಡಲಾಗಲಿಲ್ಲ?" ಎಂದು ಕೇಳುತ್ತದೆ. ತರೀಕೆರೆ ಕಡೆಯ ತೋಟಗಳಲ್ಲಿ ಅಡಿಕೆ ಸುಲಿಯುವ ಹೆಂಗಸಿಗೆ ಎರಡು ಬೆರಳು ಊದಿಕೊಂಡರೆ ಸುಗ್ಗಿಯ ಕೂಲಿಯೇ ಹೋಯಿತು. ಅಜ್ಜಂಪುರದ ಬಯಲಿನಲ್ಲಿ ಈರುಳ್ಳಿ ಕೀಳುವವರಿಗೆ ಸೊಂಟಕ್ಕೆ ಬಿದ್ದ ಮೂಕಪೆಟ್ಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಬಗ್ಗಿದಾಗ ಕಾಣುತ್ತದೆ. ಕಡೂರಿನ ತೆಂಗಿನ ಮರ ಹತ್ತುವವನಿಗೆ ಭುಜದ ನೋವೆಂದರೆ ಇಡೀ ಕಸುಬಿನ ನೋವು. ಕಚೇರಿಯಲ್ಲಿ ಕುಳಿತು ಬರೆಯುವವನಿಗೆ ಸಾದಾ ಆಗುವ ಗಾಯ ಇವರಿಗೆ ಗ್ರೀವಿಯಸ್ ಆಗಬಲ್ಲದು. ಕಾನೂನಿನ ಮಾತಿನಲ್ಲೇ ಇದಕ್ಕೆ ಅವಕಾಶವಿದೆ.

ಅವಕಾಶವಿದ್ದೂ ಅದು ಬಡವರ ಕೈಗೆ ಸಿಗುವುದು ಕಷ್ಟ, ಏಕೆ? ಆಸ್ಪತ್ರೆಯ ಮಂಚದ ಮೇಲೆ ಇಪ್ಪತ್ತು ದಿನ ಮಲಗಿದ ಮಾತ್ರಕ್ಕೆ ಸಾಲದು, ಆ ದಿನಗಳಲ್ಲಿ ನಿಜವಾಗಿಯೂ ಕೆಲಸ ಮಾಡಲಾಗುತ್ತಿರಲಿಲ್ಲ ಎಂಬುದು ರುಜುವಾತಾಗಬೇಕು ಎಂದು ನ್ಯಾಯಾಲಯಗಳು ಹಿಂದಿನಿಂದಲೂ ಹೇಳುತ್ತ ಬಂದಿವೆ. ಅದು ನ್ಯಾಯವೇ. ಆದರೆ ದಿನಗೂಲಿಯವನು ಇಪ್ಪತ್ತು ದಿನ ಮನೆಯಲ್ಲಿ ಕೂರುವುದಾದರೂ ಹೇಗೆ? ಒಲೆ ಉರಿಯಬೇಕಲ್ಲ. ಆರನೆಯ ದಿನಕ್ಕೆ ಅವನು ಹಲ್ಲು ಕಚ್ಚಿ ನೋವು ನುಂಗಿ ಗುದ್ದಲಿ ಹಿಡಿಯುತ್ತಾನೆ. ಹಿಡಿದ ಕ್ಷಣವೇ ಅವನ ಗಾಯ ಕಾನೂನಿನ ಕಣ್ಣಿನಲ್ಲಿ ಹಗುರವಾಗುತ್ತದೆ. ಉಳ್ಳವನು ಒಂದು ತಿಂಗಳು ಮಲಗಿ ತನ್ನ ಗಾಯವನ್ನು ಭಾರವಾಗಿ ಇಟ್ಟುಕೊಳ್ಳಬಲ್ಲ. ಹಸಿವು ಬಡವನ ಗಾಯದ ತೂಕವನ್ನು ಕದಿಯುತ್ತದೆ. ಗಂಡನ ಏಟು ತಿಂದು ಮೂರನೇ ದಿನಕ್ಕೆ ಬಾವಿಯಿಂದ ನೀರು ಸೇದುವ ಹೆಣ್ಣಿನ ಕತೆಯೂ ಇದೇ. ಅವಳ 'ನಿತ್ಯದ ಕೆಲಸ' ಒಂದು ದಿನವೂ ನಿಲ್ಲುವಂತಿಲ್ಲ. ಆದ್ದರಿಂದ ಅವಳ ನೋವು ಪಟ್ಟಿಯೊಳಗೆ ಬರುವುದೂ ಅಪರೂಪ.

ಹೊಡೆದವನೇ ಇಲ್ಲದ ಗಾಯಗಳ ಮಾತು ಬೇರೆ. ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಕೊನೆಗಾರ, ಹೋರಿ ಹಾಯ್ದು ಪಕ್ಕೆಲುಬು ಮುರಿದುಕೊಂಡ ರೈತ, ಇವರ ಗಾಯ ಎಷ್ಟೇ ಭಾರವಾಗಿದ್ದರೂ ದಂಡ ಸಂಹಿತೆಯ ಗ್ರೀವಿಯಸ್ ಇವರ ನೆರವಿಗೆ ಬರುವುದಿಲ್ಲ, ಆರೋಪಿಯೇ ಇಲ್ಲ. ಕಾರ್ಮಿಕರಿಗಾಗಿ 1923ರಲ್ಲಿ ಬಂದ ಪರಿಹಾರ ಕಾಯ್ದೆ ಇನ್ನೊಂದು ಬಗೆಯ ತಕ್ಕಡಿ ತಂದಿತು. ಅದರ ತಿದ್ದಿದ ಪಟ್ಟಿಯ ಪ್ರಕಾರ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡ 30 ನಷ್ಟ, ತೋರುಬೆರಳಿಗೆ 14, ಒಂದು ಕಣ್ಣಿಗೆ 40. ಅರಬರ ಒಂಟೆಗಳ ಲೆಕ್ಕದಲ್ಲಿ ಸಮಾನವಾಗಿದ್ದ ಬೆರಳುಗಳು ಇಲ್ಲಿ ಹೆಚ್ಚು ಕಡಿಮೆಯಾದವು, ಯಂತ್ರದ ಮುಂದೆ ಹೆಬ್ಬೆರಳಿಗೆ ಬೆಲೆ ಹೆಚ್ಚು. 2025ರ ನವೆಂಬರಿನಿಂದ ಈ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಆದರೆ ಇಂದು ಒಬ್ಬರ ತೋಟ, ನಾಳೆ ಇನ್ನೊಬ್ಬರ ತೋಟ ಎಂದು ಹೋಗುವ ಕೊನೆಗಾರ ತನ್ನ ಮಾಲೀಕ ಯಾರೆಂದು ತೋರಿಸುವುದೇ ಕಷ್ಟ.

ಹೆದ್ದಾರಿಯ ಗಾಯಗಳಲ್ಲಿ ಈ ಪದಕ್ಕೆ ನೇರವಾದ ಬೆಲೆಯೇ ಇದೆ. ಗುದ್ದಿ ಪರಾರಿಯಾದ, ಪತ್ತೆಯಾಗದ ವಾಹನದಿಂದಾದ ಅಪಘಾತಗಳಿಗೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಸಾವಿಗೆ 2 ಲಕ್ಷ ರೂಪಾಯಿ, ಭಾರೀ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಹಿಂದೆ ಅದು ಕ್ರಮವಾಗಿ 25,000 ಮತ್ತು 12,500 ಇತ್ತು. ಸಾದಾ ಗಾಯಕ್ಕೆ ಇದರಲ್ಲಿ ಏನೂ ಇಲ್ಲ. ಅರ್ಜಿಯನ್ನು ವಿಚಾರಿಸುವವರು ತಹಶೀಲ್ದಾರ್ ಅಥವಾ ಉಪವಿಭಾಗದ ಅಧಿಕಾರಿಗಳು. ರಾತ್ರಿ ಹೊತ್ತು ಬೀರೂರು-ತರೀಕೆರೆ ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಹೋಗುವವನನ್ನು ಬೀಳಿಸಿ ಲಾರಿ ಮಾಯವಾದರೆ, ಅವನ ಮನೆಯವರಿಗೆ ಐವತ್ತು ಸಾವಿರ ಸಿಗುತ್ತದೋ ಇಲ್ಲವೋ ಎಂಬುದು ವೈದ್ಯರು ಬರೆಯುವ ಈ ಒಂದು ಪದದ ಮೇಲೆ ನಿಂತಿದೆ.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಎಂಟರ ಪಟ್ಟಿ ಅದರ 116ನೇ ಕಲಮಿನಲ್ಲಿ ಬಹುತೇಕ ಹಾಗೆಯೇ ಉಳಿದಿದೆ. ಬದಲಾದ ಒಂದು ಅಂಕಿ ಮಾತ್ರ ಮುಖ್ಯವಾದದ್ದು, ಇಪ್ಪತ್ತು ದಿನ ಹದಿನೈದಾಗಿದೆ. ಆ ದಿನಾಂಕಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಇಪ್ಪತ್ತೇ ಅನ್ವಯ. ಗಾಯಾಳುವನ್ನು ಶಾಶ್ವತ ಅಂಗವಿಕಲನನ್ನಾಗಿ ಮಾಡಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯನ್ನು 117ನೇ ಕಲಂ ಹೊಸದಾಗಿ ಸೇರಿಸಿದೆ. ಅದೇ ಕಲಮಿನಲ್ಲಿ ಇನ್ನೊಂದು ಹೊಸ ಮಾತಿದೆ. ಐವರು ಅಥವಾ ಹೆಚ್ಚು ಮಂದಿ ಸೇರಿ ಒಬ್ಬನ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ನಂಬಿಕೆ ಇಂಥ ಕಾರಣಕ್ಕಾಗಿ ಅವನಿಗೆ ಭಾರೀ ಗಾಯ ಮಾಡಿದರೆ ಗುಂಪಿನ ಪ್ರತಿಯೊಬ್ಬನಿಗೂ ಏಳು ವರ್ಷದವರೆಗೆ ಶಿಕ್ಷೆ. ಗುಂಪುಹಲ್ಲೆಯಲ್ಲಿ ಸತ್ತವರ ಹೆಸರುಗಳು ಸುದ್ದಿಯಾಗುತ್ತವೆ. ಬದುಕುಳಿದವರು ಮೂಕಪೆಟ್ಟಿನೊಂದಿಗೆ ಮನೆಯ ಮೂಲೆ ಸೇರುತ್ತಾರೆ, ವೀರಗಲ್ಲಿಲ್ಲದ ಆ ಹಳೆಯ ಗಾಯಾಳುಗಳಂತೆ. ಅವರ ಪಾಲಿಗೆ ಈ ಕಲಂ ಜೀವಂತವಾಗಬೇಕಾದರೂ ಮೊದಲು ಗಾಯ ಭಾರೀ ಎಂದು ಸಾಬೀತಾಗಬೇಕು.

ಹದಿನೈದು ದಿನ ಎಂಬುದು ಇಪ್ಪತ್ತಕ್ಕಿಂತ ಬಡವನಿಗೆ ಹತ್ತಿರ, ನಿಜ. ಆದರೆ ಯಾರೂ ಬರೆದಿಡದ ಹದಿನೈದು ದಿನಕ್ಕೂ ಬೆಲೆಯಿಲ್ಲ. ಹೊಡೆತ ತಿಂದವರು ಡಾಕ್ಟರ ಮುಂದೆ "ತಲೆ ಮೇಲೆ ಪೆಟ್ಟು ಬಿತ್ತು ಸ್ವಾಮಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಹಲ್ಲು ಅಲ್ಲಾಡುತ್ತಿರುವುದನ್ನು, ಕಿವಿ ಮಂದವಾದದ್ದನ್ನು, ಬೆರಳು ಮಡಿಸಲಾಗದ್ದನ್ನು ಹೇಳುವುದೇ ಇಲ್ಲ. ಹೇಳಬೇಕು. ತಾನು ಮಾಡುವ ಕೆಲಸ ಏನೆಂದು ಬರೆಸಬೇಕು. ವಾರದ ಮೇಲೆ ಮತ್ತೆ ಹೋಗಿ ತೋರಿಸಿ, ಇನ್ನೂ ಕೆಲಸಕ್ಕೆ ಹೋಗಲಾಗುತ್ತಿಲ್ಲ ಎಂಬುದನ್ನು ಚೀಟಿಯಲ್ಲಿ ನಮೂದಿಸಿಕೊಳ್ಳಬೇಕು. ಊರಿನಲ್ಲಿ ಓದು ಬಲ್ಲವರು ಜೊತೆಗೆ ಹೋಗಬೇಕು, ಮಸೀದಿ ಕಮಿಟಿಯವರಾಗಲಿ, ಸಂಘದವರಾಗಲಿ, ಪಂಚಾಯಿತಿ ಸದಸ್ಯರಾಗಲಿ. ರಾಜಿ ಮಾಡಿಸುವುದಕ್ಕೆ ಎಲ್ಲರೂ ಮುಂದಾಗುತ್ತಾರೆ. ರಾಜಿಯೇ ಆಗುವುದಾದರೂ ಗಾಯದ ತೂಕ ಮೊದಲು ಗೊತ್ತಾಗಲಿ. ಚಿಕಿತ್ಸೆಯ ಖರ್ಚು, ಹೋದ ಕೂಲಿ ಗಾಯಾಳುವಿಗೆ ಸೇರಲಿ. ಮಿತಾಕ್ಷರವೂ ಫಿಕ್ಹ್ ಗ್ರಂಥಗಳೂ ತಮ್ಮ ತಮ್ಮ ದಾರಿಯಲ್ಲಿ ಒಪ್ಪಿದ ಮಾತು ಅದೊಂದೇ, ನೋವುಂಡವನ ಕೈ ಬರಿದಾಗಿ ಉಳಿಯಬಾರದು.

ಇಂಗ್ಲಿಷಿನ ಹಳೆಯ ಕಾನೂನು ಅರಸನಿಗೆ ಯೋಧ ಕಡಿಮೆಯಾದನೇ ಎಂದು ಕೇಳಿತು. ಕಾರ್ಮಿಕ ಕಾಯ್ದೆ ದುಡಿಮೆ ಎಷ್ಟು ಶೇಕಡ ಕಡಿಮೆಯಾಯಿತು ಎಂದು ಕೇಳಿತು. ನಮ್ಮ ಊರಿನ ಕಟ್ಟೆಯ ಮೇಲೆ ಕುಳಿತವರು ಗ್ರೀವಿಯಸ್ಸೋ ಸಿಂಪಲ್ಲೋ ಎಂದು ಕೇಳುತ್ತಿದ್ದಾರೆ. ಅವರು ಅದರ ಜೊತೆಗೆ ಇನ್ನೊಂದನ್ನೂ ಕೇಳಲಿ ಎಂಬುದು ನಮ್ಮ ಆಸೆ: "ಎಷ್ಟು ದಿನದಿಂದ ಕೆಲಸಕ್ಕೆ ಹೋಗಿಲ್ಲ? ಮನೆಯಲ್ಲಿ ರಾಗಿ ಇದೆಯಾ?" ಆರನೆಯ ದಿನ ಗುದ್ದಲಿ ಹಿಡಿಯುವ ಕೈಯನ್ನು ಹದಿನೈದು ದಿನ ತಡೆದು ನಿಲ್ಲಿಸಬಲ್ಲದ್ದು ಆ ರಾಗಿಯೇ ಹೊರತು ಯಾವ ಕಲಮೂ ಅಲ್ಲ.